ಕತ್ತಿನಿಂದ ಕೆಳಗಿನ ಲೆಕ್ಕ

ಪತ್ರಿಕೆ ಓದಿ ಮರೆಯುವವರಿದ್ದಾರೆ, ಓದಿ ಜಗಳಕ್ಕೆ ನಿಲ್ಲುವವರಿದ್ದಾರೆ, ಓದದೆಯೇ ಜಗಳಕ್ಕೆ ನಿಲ್ಲುವವರೂ ಇದ್ದಾರೆ. ನಮ್ಮ ದರ್ಜಿ ಮಾಸ್ಟರು ಈ ಯಾವ ಗುಂಪಿಗೂ ಸೇರಿದವರಲ್ಲ. ಅವರು ಓದಿದ್ದನ್ನು ಮಾಡಿಯೇ ತೀರುವವರು.

ರಾಜಕೀಯದ ಪುಟದಿಂದ ಅವರು ಕಾಲರಿನ ನಮೂನೆ ಕತ್ತರಿಸುತ್ತಿದ್ದರು. ಆಟೋಟದ ಪುಟ ತೋಳಿಗೆ ಆಗುತ್ತಿತ್ತು. ಷೇರುಪೇಟೆಯ ಪುಟ ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾಸಲು ಹೇಳಿ ಮಾಡಿಸಿದಂತಿತ್ತು. ಆದರೆ ಒಳಪುಟದ ಮೂಲೆಯಲ್ಲಿ ಬರುತ್ತಿದ್ದ ಆರೋಗ್ಯದ ಅಂಕಣಕ್ಕೆ ಮಾತ್ರ ಅವರ ಕತ್ತರಿ ಒಂದು ದಿನವೂ ತಾಕಿದ್ದಿಲ್ಲ. ನಿಂತು ನೀರು ಕುಡಿಯಬಾರದೆಂದು ಅದರಲ್ಲಿ ಬಂದ ದಿನ ಮಾಸ್ಟರು ನಡುರಸ್ತೆಯ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹಿಂದೆ ಬರುತ್ತಿದ್ದ ಸೈಕಲ್ಲುಗಳಿಗೆಲ್ಲ ಬ್ರೇಕು ಹಾಕಿಸಿದರು. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕೆಂದು ಬಂದ ವಾರ ಅವರ ಮಧ್ಯಾಹ್ನದ ಊಟ ಸಂಜೆಯ ಕಾಫಿಯವರೆಗೂ ಎಳೆಯಿತು. ನಗು ಹೃದಯಕ್ಕೆ ಒಳ್ಳೆಯದೆಂದು ಬಂದ ದಿನವೇ ಯಾರದೋ ಸಾವಿನ ಮನೆಗೆ ಹೋಗಬೇಕಾಗಿ ಬಂದು, ಹೆಂಡತಿ ಅವರನ್ನು ಬಾಗಿಲಿನಿಂದಲೇ ಕೈಹಿಡಿದು ವಾಪಸು ಕರೆತಂದಿದ್ದರು.

ಆ ಹೆಂಡತಿಯ ವಿಷಯ ಒಂದು ಮಾತು ಹೇಳಲೇಬೇಕು. ಬೀದಿಯವರೆಲ್ಲ ಆಕೆಯನ್ನು ಮಾಸ್ಟರಮ್ಮ ಎನ್ನುತ್ತಿದ್ದರು. ಕುಳ್ಳಗೆ, ದುಂಡಗೆ, ಎಲ್ಲಿ ಕುಳಿತರೂ ಆ ಜಾಗ ತುಂಬುವಂಥ ಹೆಂಗಸು. ಅಂಗಡಿಯ ಹಿಂಭಾಗವೇ ಮನೆ. ಅಲ್ಲಿಂದಲೇ ಅಡುಗೆ ನೋಡಿಕೊಳ್ಳುತ್ತ, ಗಂಡ ಹೊಲಿದದ್ದಕ್ಕೆ ಕಾಜಾ ತೆಗೆದು ಗುಂಡಿ ಹಚ್ಚುತ್ತ, ನಡುನಡುವೆ ಗಿರಾಕಿಗಳಿಗೆ ಉತ್ತರ ಕೊಡುತ್ತ, ಗಂಡನ ಆರೋಗ್ಯಕ್ರಾಂತಿಗಳನ್ನು ನೆಗಡಿಯನ್ನು ಸಹಿಸಿಕೊಳ್ಳುವಂತೆ ಸಹಿಸಿಕೊಂಡು ಬಂದಿದ್ದರು. "ಇನ್ನೆರಡು ದಿನ. ಆಮೇಲೆ ತಾನೇ ಇಳಿಯುತ್ತೆ," ಎನ್ನುತ್ತಿದ್ದರು.

ಆದರೆ ಈ ಸಲ ಬಂದದ್ದು ನೆಗಡಿಯಲ್ಲ.

"ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಾಗಿದ್ದರೆ ಹೃದಯಕ್ಕೆ ಅಪಾಯ," ಎಂದಿತ್ತು ಅಂದಿನ ಅಂಕಣ. ಮಾಸ್ಟರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಮಿಷಿನ್ನಿನ ಮೇಲಿಂದ ಕಾಲು ತೆಗೆದು ಎದ್ದು ನಿಂತರು. ರಕ್ತ, ಮೂತ್ರ, ಎಕ್ಸ್‌ರೇ ಎಂದು ಸುತ್ತಾಡಿದ ಲೋಕದ ವೈದ್ಯರೆಲ್ಲ ಕೊನೆಗೂ ದರ್ಜಿಯ ಬಾಗಿಲಿಗೆ ಬಂದು ನಿಂತಿದ್ದರು! ಮನುಷ್ಯನ ಸಾವು ಬದುಕು ತಮ್ಮ ಹೆಗಲ ಮೇಲೆ ಜೋತಾಡುವ ಟೇಪಿನಲ್ಲಿದೆ ಎಂದು ಗೊತ್ತಾದರೆ ಯಾರ ಎದೆ ತಾನೇ ಉಬ್ಬುವುದಿಲ್ಲ?

ಆ ಹೊತ್ತಿಗೆ ಪ್ಯಾಂಟು ಹೊಲಿಸಲು ಒಳಗೆ ಬಂದ ಬ್ಯಾಂಕಿನ ಗುಮಾಸ್ತ ಮೊದಲ ರೋಗಿಯಾದ. ಕಡ್ಡಿಗಿಂತ ಒಂಚೂರು ದಪ್ಪಗಿದ್ದ ಆಸಾಮಿ. ಮಾಸ್ಟರು ಅವನನ್ನು ತಿರುಗಿಸಿ ನಿಲ್ಲಿಸಿದರು. ಉದ್ದ ಅಳೆಯುವ ಪದ್ಧತಿ ಅವರ ಕೈಗೆ ಅಪ್ಪನ ಕಾಲದಿಂದ ಬಂದದ್ದು. ಕತ್ತಿನ ಹಿಂದೆ ಕಾಲರು ಕೂರುವ ಗಂಟಿಗೆ ಟೇಪಿನ ತುದಿ ಒತ್ತಿ ಹಿಡಿದು, ಬೆನ್ನಗುಂಟ ಹಿಮ್ಮಡಿಯವರೆಗೆ ಇಳಿಬಿಟ್ಟರು. ಅದನ್ನು ಅರ್ಧ ಮಾಡಿದರು. ಆಮೇಲೆ ಸೊಂಟ ಸುತ್ತಿದರು. ಮುಖ ಕಪ್ಪಿಟ್ಟಿತು.

"ಯಾಕ್ ಮಾಸ್ಟ್ರೇ? ಬಟ್ಟೆ ಸಾಲಲ್ವಾ?" ಎಂದ ಗುಮಾಸ್ತ.

"ಬಟ್ಟೆ ಸಾಲುತ್ತಪ್ಪಾ. ನೀನು ಸಾಲ್ತಾ ಇಲ್ಲ."

"ಅಂದ್ರೆ?"

"ಮನೇಲಿ ಮಕ್ಕಳು ಚಿಕ್ಕವಲ್ವಾ?" ಎಂದು ಮಾಸ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. ಗುಮಾಸ್ತ ಅಲ್ಲೇ ಸ್ಟೂಲಿನ ಮೇಲೆ ಕುಸಿದ.

ಕಡ್ಡಿಯಂಥವನಿಗೇ ಈ ಗತಿಯಾದರೆ ಮಿಕ್ಕವರ ಪಾಡೇನು? ಈ ಪ್ರಶ್ನೆ ಹುಟ್ಟಿದ ಕ್ಷಣವೇ ಹಿಂದಿನ ಕೋಣೆಯಿಂದ ಮಾಸ್ಟರಮ್ಮನ ನಗು ಕೇಳಿಸಿತು. ಮಾಸ್ಟರು ಟೇಪು ಸುತ್ತಿಕೊಂಡು ಆ ಕಡೆ ತಿರುಗಿದರು.

ಹೆಂಡತಿಯನ್ನು ಅಳೆಯದೆ ಬಿಡುವಂತಿಲ್ಲ, ಹೇಳಿ ಅಳೆಯುವಂತೆಯೂ ಇಲ್ಲ. ಸಂಜೆಯವರೆಗೂ ಯೋಚಿಸಿ, ಮಾಸ್ಟರು ಒಳಗೆ ಹೋಗಿ ಗಂಟಲು ಸರಿಮಾಡಿಕೊಂಡರು.

"ಏನಿಲ್ಲ ಕಣೇ... ಚಳಿ ಶುರುವಾಗುತ್ತಲ್ಲ. ನಿನಗೊಂದು ಕೋಟು ಹೊಲಿಯೋಣ ಅಂತ."

ಸೌಟು ಹಿಡಿದಿದ್ದ ಮಾಸ್ಟರಮ್ಮ ನಿಧಾನಕ್ಕೆ ತಿರುಗಿದರು. ಮದುವೆಯಾದಾಗಿನಿಂದ ಈ ಮನುಷ್ಯ ತಾನಾಗಿಯೇ ಬಂದು ಒಂದು ಕರ್ಚೀಫಿಗೂ ಅಂಚು ಹೊಲಿದುಕೊಟ್ಟಿದ್ದಿಲ್ಲ.

"ಏನು ಸಮಾಚಾರ?"

"ಸಮಾಚಾರ ಏನು, ಗಂಡ ಹೆಂಡತಿಗೆ ಕೋಟು ಹೊಲಿಯಬಾರದಾ?"

"ಹೊಲಿಯಬಹುದು. ಆದ್ರೆ ಕಣ್ಣಲ್ಲಿ ನೀರ್ಯಾಕೆ?"

"ಒಗ್ಗರಣೆ ಘಾಟು."

"ನಾನಿನ್ನೂ ಒಗ್ಗರಣೆ ಹಾಕಿಲ್ಲ," ಎಂದು ಹೇಳಿಯೂ ಆಕೆ ಕೈ ಚಾಚಿ ನಿಂತರು. ಮಾಸ್ಟರು ಕತ್ತಿನ ಗಂಟಿನಿಂದ ಹಿಮ್ಮಡಿಗೆ ಟೇಪು ಇಳಿಸಿದರು. ಹಿಮ್ಮಡಿ ತೀರಾ ಬೇಗ ಬಂದುಬಿಟ್ಟಿತು. ಸೊಂಟಕ್ಕೆ ಬಂದಾಗ ಟೇಪು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಅವರಿಗೆ ಲೆಕ್ಕ ಮಾಡುವ ಅಗತ್ಯವೇ ಬೀಳಲಿಲ್ಲ.

ಮರುದಿನದಿಂದ ಆ ಮನೆಯಲ್ಲಿ ನಡೆದದ್ದನ್ನು ಕಂಡವರು ಇಂದಿಗೂ ಹೇಳುತ್ತಾರೆ. ಮಾಸ್ಟರು ಆಕೆಗಿಂತ ಮೊದಲೇ ಎದ್ದು ನೀರು ತಂದರು. ಕಸ ಗುಡಿಸಿದರು. ಪಾತ್ರೆ ತೊಳೆದರು, ಅದೂ ಆಕೆ ತೊಳೆದಿಟ್ಟಿದ್ದ ಪಾತ್ರೆಗಳನ್ನು. ಸಕ್ಕರೆ ಡಬ್ಬಿ ಮಾಯವಾಯಿತು. ಆಕೆ ಬಾಗಿದರೆ "ಬಾಗಬೇಡ", ಎದ್ದರೆ "ಮೆಲ್ಲಗೆ", ಸೀನಿದರೆ ಕುರ್ಚಿ ಹಿಡಿದುಕೊಂಡು ಓಡಿಬರುತ್ತಿದ್ದರು.

ಮಹಡಿಯ ಮೇಲೆ ಬಾಡಿಗೆಗಿದ್ದ ಮಾಸ್ಟರಮ್ಮನ ಅಕ್ಕ ಇದನ್ನೆಲ್ಲ ಕಟಕಟೆಯ ಮೇಲೆ ಮೊಣಕೈಯೂರಿ ನೋಡಿದರು. ಆಮೇಲೆ ಕೆಳಗಿಳಿದು ಬಂದು ತಂಗಿಯ ಕಿವಿಯಲ್ಲಿ ಇಡೀ ಬೀದಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: "ನಿನ್ನ ಗಂಡ ಏನೋ ಮಾಡ್ಕೊಂಡು ಬಂದಿದ್ದಾನೆ ಕಣೇ. ನನ್ನ ಗಂಡ ಇಷ್ಟೊಂದು ಒಳ್ಳೆಯವನಾಗಿದ್ದು ಒಂದೇ ಸಲ. ನನ್ನ ಬಳೆ ಕಳೆದು ಬಂದಿದ್ದ."

"ಬಳೆ ಇದೆ ಅಕ್ಕಾ, ನೋಡಿದೆ."

"ಹಾಗಾದ್ರೆ ಅದಕ್ಕಿಂತ ದೊಡ್ಡದೇ ಏನೋ ಇದೆ."

ಮಾಸ್ಟರಮ್ಮ ಗಂಡನ ಕೈಯಿಂದ ಪೊರಕೆ ಕಿತ್ತುಕೊಂಡು, ಅವರು ಗುಡಿಸಿದ್ದ ಜಾಗವನ್ನೇ ಮತ್ತೊಮ್ಮೆ ಗುಡಿಸಿದರು.

ಇತ್ತ ಅಂಗಡಿಯ ಮುಂದೆ ಸಾಲು ಬೆಳೆಯಿತು. ಗುಮಾಸ್ತ ಬ್ಯಾಂಕಿನಲ್ಲಿ ಹೇಳಿದ, ಬ್ಯಾಂಕಿನವರು ಮನೆಗಳಲ್ಲಿ ಹೇಳಿದರು, ಮನೆಗಳಲ್ಲಿ ಹೇಳಿದ್ದು ಎಲ್ಲಿಗೆ ಹೋಗುವುದಿಲ್ಲ? ಬಂದವರನ್ನೆಲ್ಲ ಮಾಸ್ಟರು ಬಿಟ್ಟಿಯಾಗಿ ಅಳೆದರು. ಹೊಲಿಗೆ ನಿಂತುಹೋಯಿತು. ಹೆಂಡತಿಯನ್ನು ಉಳಿಸಿಕೊಳ್ಳುವ ದಾರಿ ತೋಚದವರು ಬೀದಿಯನ್ನಾದರೂ ಉಳಿಸಲು ಹೊರಟಿದ್ದರು. ಅಂಚೆಯವನು ಅಪಾಯ. ಡ್ರಾಯಿಂಗ್ ಟೀಚರು ಅಪಾಯ. ಓಟದಲ್ಲಿ ಕಪ್ಪು ಗೆದ್ದಿದ್ದ ಪೊಲೀಸಪ್ಪನೂ ಅಪಾಯ. ಇಡೀ ಬೀದಿಯಲ್ಲಿ ಪಾರಾದವಳು ಒಬ್ಬಳೇ, ಉದ್ದಕಾಲುಗಳಿಂದಾಗಿ ಜಿರಾಫೆಯೆಂದು ಅಡ್ಡಹೆಸರಿದ್ದ ಲೈಬ್ರರಿಯ ಹುಡುಗಿ. ಅವಳನ್ನು ಎಲ್ಲರೂ ಅಸೂಯೆಯಿಂದ ನೋಡಿದರು. ನಿನ್ನೆಯವರೆಗೆ ಅವಳಿಗೆ ಮದುವೆಯಾಗುವುದಿಲ್ಲವೆಂದು ಮರುಗುತ್ತಿದ್ದವರೇ ಈಗ, "ಎಷ್ಟು ವರ್ಷ ಬದುಕುತ್ತಾಳೋ ಏನೋ!" ಎಂದು ಉಸಿರುಬಿಟ್ಟರು.

ಬೆಳಗಾದರೆ ಬೀದಿಗೆ ಬೀದಿಯೇ ನಡೆಯತೊಡಗಿತು. ಮುಂದಿನವರನ್ನು ಹಿಂದಿನವರು ತಳ್ಳುತ್ತ, ಸೊಂಟ ಮುಟ್ಟಿ ನೋಡಿಕೊಳ್ಳುತ್ತ ಸುತ್ತಿದ್ದೇ ಸುತ್ತಿದ್ದು. ಆಶ್ಚರ್ಯವೆಂದರೆ, ಗೋಡೆಯ ಜಗಳದಿಂದ ಮುಖ ನೋಡದೆ ಇದ್ದ ಎರಡು ಮನೆಯವರು ಏದುಸಿರಿನ ನಡುವೆ ಮಾತು ಶುರುಮಾಡಿದ್ದರು. ಜೊತೆಗೆ ಸಾಯುವವರ ನಡುವೆ ಗೋಡೆಯೇಕೆ ಎನ್ನಿಸಿರಬೇಕು.

ಸುದ್ದಿ ಆರೋಗ್ಯ ಇಲಾಖೆಗೂ ಮುಟ್ಟಿತು. ಒಬ್ಬ ಇನ್ಸ್‌ಪೆಕ್ಟರು ಬೂಟು ಸಪ್ಪಳ ಮಾಡುತ್ತ ಅಂಗಡಿಗೆ ನುಗ್ಗಿದರು.

"ಯಾರ್ರೀ ನಿಮಗೆ ಸಮೀಕ್ಷೆ ಮಾಡೋಕೆ ಅನುಮತಿ ಕೊಟ್ಟಿದ್ದು?"

"ಸಮೀಕ್ಷೆ ಅಲ್ಲ ಸಾರ್, ಅಳತೆ."

"ಅಳತೆಗೂ ಇಲಾಖೆ ಇದೆ, ಗೊತ್ತಾ? ಜನರನ್ನ ಹೆದರಿಸೋದಕ್ಕೂ ಒಂದು ಕ್ರಮ ಇದೆ. ಮೊದಲು ನಾವು ಹೆದರಿಸಬೇಕು."

"ಆಗಲಿ ಸಾರ್. ಸ್ವಲ್ಪ ತಿರುಗಿ."

"ಯಾಕೆ?" ಎನ್ನುತ್ತಲೇ ಇನ್ಸ್‌ಪೆಕ್ಟರು ತಿರುಗಿದ್ದರು. ಟೇಪು ಹಿಡಿದ ದರ್ಜಿ ತಿರುಗಿ ಎಂದರೆ ತಿರುಗದ ಅಧಿಕಾರಿ ಇನ್ನೂ ಹುಟ್ಟಿಲ್ಲ. ಸೊಂಟಕ್ಕೆ ಟೇಪು ಬಂದಾಗ ಉಸಿರು ಒಳಗೆಳೆದುಕೊಂಡರು. ಮಾಸ್ಟರು ಕಾದರು. ಇನ್ಸ್‌ಪೆಕ್ಟರು ಬಿಗಿಹಿಡಿದರು. ಮಾಸ್ಟರು ಇನ್ನೂ ಕಾದರು. ಕೊನೆಗೆ ಸರ್ಕಾರವೇ ಸೋತು ಉಸಿರು ಬಿಟ್ಟಿತು.

"ಎಷ್ಟು?" ಎಂದರು, ಬೇರೆಯದೇ ದನಿಯಲ್ಲಿ.

"ಸಾರ್, ನೀವು ರಜೆ ತಗೊಳ್ಳಿ."

ಇನ್ಸ್‌ಪೆಕ್ಟರು ಸದ್ದಿಲ್ಲದೆ ಹೊರಟುಹೋದರು. ಇಲಾಖೆಯೇ ಒಪ್ಪಿಕೊಂಡಿತೆಂದು ಬೀದಿ ತೀರ್ಮಾನಿಸಿತು.

ಇದರಲ್ಲಿ ನಿಜವಾಗಿ ಮುಳುಗುತ್ತಿದ್ದವನು ಎದುರಿನ ಬೇಕರಿಯಣ್ಣ. ಮಾಸ್ಟರ ಚಡ್ಡಿಗೆಳೆಯ, ಬನ್ನಿನಂಥ ಮುಖ, ಬನ್ನಿನಂಥ ಮನಸ್ಸು. ಅವನ ಗಾಜಿನ ಪೆಟ್ಟಿಗೆಯ ಕಡೆಗೆ ಈಗ ಯಾರೂ ತಿರುಗುತ್ತಿರಲಿಲ್ಲ. ವಾಕಿಂಗಿನವರು ಅವನ ಅಂಗಡಿ ಬಂದಾಗ ಮೂಗು ಮುಚ್ಚಿಕೊಂಡು ಎದುರು ಬದಿಗೆ ದಾಟುತ್ತಿದ್ದರು. ಒಂದು ಬೆಳಿಗ್ಗೆ ಅವನು ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಬಂದ.

"ಏನಯ್ಯಾ ಮಾಸ್ಟ್ರೇ, ನನ್ನ ಭಟ್ಟಿ ಆರಿಸಿಬಿಟ್ಟೆಯಲ್ಲೋ! ನಮ್ಮಪ್ಪ ಸತ್ತ ದಿನಾನೂ ಆರದ ಭಟ್ಟಿ ಅದು!"

"ನಾನೇನು ಮಾಡಲೋ? ಪೇಪರಲ್ಲಿ ಬಂದಿದೆ. ಟೇಪು ಸುಳ್ಳು ಹೇಳುತ್ತಾ?"

"ಹಾಗಾದ್ರೆ ಟೇಪನ್ನೂ ಕರ್ಕೊಂಡು ಬಾ. ದವಾಖಾನೆ ಡಾಕ್ಟರಮ್ಮನ ಹತ್ತಿರಾನೇ ಕೇಳೋಣ. ಆಕೆ ಹೌದು ಅಂದ್ರೆ ನಾನು ನಾಳೆಯಿಂದ ಬೇಕರಿ ಮುಚ್ಚಿ ಸೌತೆಕಾಯಿ ಮಾರ್ತೀನಿ. ಇಲ್ಲ ಅಂದ್ರೆ ಇವತ್ತೇ ಈ ಟೇಪನ್ನ ಭಟ್ಟಿಗೆ ಹಾಕ್ತೀನಿ."

ಹಿಟ್ಟಿನ ಕೈ ಮಾಸ್ಟರ ರಟ್ಟೆ ಹಿಡಿಯಿತು. ಇಬ್ಬರೂ ಮುಂದೆ, ಬೀದಿ ಹಿಂದೆ. ಗಲಾಟೆ ಕೇಳಿ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಮಾಸ್ಟರಮ್ಮ, ಆಕೆಯ ಹಿಂದೆ ಅಕ್ಕ. "ಇವತ್ತು ಗೊತ್ತಾಗುತ್ತೆ ನೋಡು, ಇಲ್ಲೇ ಗೊತ್ತಾಗುತ್ತೆ," ಎನ್ನುತ್ತಲೇ ಅಕ್ಕ ಚಪ್ಪಲಿ ಸರಿಮಾಡಿಕೊಂಡರು.

ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಯುವ ಬೆಂಚಿನಲ್ಲಿ ರಜೆ ಹಾಕಿದ್ದ ಇನ್ಸ್‌ಪೆಕ್ಟರೂ ಕುಳಿತಿದ್ದರು. ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು, ದೊಡ್ಡ ಸುಸ್ತು. ವಾರದಿಂದ ಗಟ್ಟಿಮುಟ್ಟಾದವರನ್ನೇ ನೋಡಿ ನೋಡಿ ಬಸವಳಿದಿದ್ದರು.

"ಆ ದರ್ಜಿ ಮಾಸ್ಟರು ನೀವೇನಾ?" ಎಂದರು. "ನೀವು ಓದಿದ್ದು ಸರಿಯಾಗೇ ಇದೆ. ಆದ್ರೆ ಎಲ್ಲರಿಗೂ ಹೆಚ್ಚು ಬರೋದು ಹೇಗೆ? ಆ ಗುಮಾಸ್ತರಿಗೆ ನಾನು ತೂಕ ಹೆಚ್ಚಿಸೋಕೆ ಟಾನಿಕ್ಕು ಬರ್ಕೊಟ್ಟಿದ್ದೆ. ಹೇಗೆ ಅಳೀತೀರಿ, ಒಂದು ಸಲ ತೋರಿಸಿ."

ಮಾಸ್ಟರು ಬೇಕರಿಯಣ್ಣನನ್ನು ತಿರುಗಿಸಿ ನಿಲ್ಲಿಸಿದರು. ಕಾಲರಿನ ಗಂಟಿಗೆ ಟೇಪಿನ ತುದಿ ಒತ್ತಿದರು, ಹಿಮ್ಮಡಿಗೆ ಇಳಿಬಿಟ್ಟರು. "ಇದು ಎತ್ತರ."

ಡಾಕ್ಟರಮ್ಮ ಹಿಮ್ಮಡಿಯಿಂದ ಮೇಲಕ್ಕೆ ಟೇಪಿನಗುಂಟ ನೋಡುತ್ತ ಬಂದರು. ಟೇಪು ಮುಗಿಯಿತು. ಬೇಕರಿಯಣ್ಣ ಮುಗಿಯಲಿಲ್ಲ.

"ಇದು?" ಎಂದು ಬೆರಳು ತೋರಿಸಿದರು.

"ಯಾವುದು?"

"ಇದು ಮಾಸ್ಟ್ರೇ. ತಲೆ."

ಮಾಸ್ಟರು ಬೇಕರಿಯಣ್ಣನ ತಲೆಯನ್ನು ಮೊದಲ ಬಾರಿಗೆ ಕಂಡವರಂತೆ ನೋಡಿದರು. "ಅದು ನಮ್ಮ ಕೆಲಸಕ್ಕೆ ಬರಲ್ಲ ಡಾಕ್ಟ್ರೇ," ಎಂದರು. "ತಲೆಗೆ ನಾವು ಹೊಲಿಯೋದಿಲ್ಲ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಕುಲುಕುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಎತ್ತರ ಅಂದ್ರೆ ತಲೆಯೂ ಸೇರುತ್ತೆ ಮಾಸ್ಟ್ರೇ. ಕತ್ತಿನಿಂದ ಕೆಳಗೆ ಅಳೆದ್ರೆ ಲೋಕದಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಅಪಾಯಾನೇ."

ಮಾಸ್ಟರ ಕೈಯಿಂದ ಟೇಪು ಜಾರಿತು. "ಹಾಗಾದ್ರೆ... ನಮ್ಮ ಮನೆಯವಳು?" ಎಂದರು. "ಅವಳು ಹೋಗಿಬಿಡ್ತಾಳೆ ಅಂತ ನಾನು... ಹಾಗಾದ್ರೆ ಅವಳಿಗೇನೂ ಆಗಲ್ವಾ ತಾಯಿ?" ಅಷ್ಟು ಹೇಳುವುದರೊಳಗೆ, ಅಷ್ಟು ಜನರ ಎದುರಿಗೆ, ಚಿಕ್ಕ ಮಗುವಿನಂತೆ ಬಿಕ್ಕಿ ಅತ್ತರು.

ಬಾಗಿಲಲ್ಲಿ ನಿಂತಿದ್ದ ಮಾಸ್ಟರಮ್ಮ ಕೈಯ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. ನೀರು, ಪೊರಕೆ, ಕೋಟು, ಸಕ್ಕರೆ ಡಬ್ಬಿ, ಎಲ್ಲ ಒಂದೊಂದಾಗಿ ಆಕೆಯ ಮುಖದ ಮೇಲೆ ಹಾದುಹೋದವು. ಅಕ್ಕ ಏನೋ ಹೇಳಲು ಬಾಯಿ ತೆರೆದರು. ತಂಗಿಯ ಮುಖ ನೋಡಿ ಮುಚ್ಚಿದರು. ಅವರ ಬಾಯಿ ತಾನಾಗಿ ಮುಚ್ಚಿದ್ದನ್ನು ಬೀದಿ ಕಂಡದ್ದು ಅದೇ ಮೊದಲು.

ಬೀದಿಗೆ ಮಾತ್ರ ಈಗ ಸಿಟ್ಟು ಬಂದಿತ್ತು. "ಅಲ್ರೀ, ವಾರದಿಂದ ನಾನು ಅರ್ಧ ಹೊಟ್ಟೇಲಿದ್ದೀನಿ!" ಎಂದು ಗುಮಾಸ್ತ ಕೂಗಿದ. "ನನ್ನ ರಜೆ ಯಾರು ವಾಪಸು ಕೊಡ್ತಾರೆ?" ಎಂದರು ಇನ್ಸ್‌ಪೆಕ್ಟರು. "ಇಂಥವರಿಗೆ ಯಾರ್ರೀ ಟೇಪು ಕೊಟ್ಟಿದ್ದು?" ಎಂದಿತು ಹಿಂದಿನಿಂದ ಒಂದು ದನಿ.

ಮಾಸ್ಟರಮ್ಮ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು ಗಂಡನ ಪಕ್ಕದಲ್ಲಿ ನಿಂತರು. ಆ ಜಾಗ ತುಂಬಿತು.

"ಸಾಕು ಸುಮ್ಮನಿರ್ರೀ," ಎಂದರು. "ಇವರು ತಲೆ ಬಿಟ್ಟು ಅಳೆದ್ರು, ಒಪ್ಕೊಂಡೆ. ಟೇಪು ಹಿಡಿದದ್ದು ಯಾರ ಬೆನ್ನ ಮೇಲೆ? ನಿಮ್ಮ ಬೆನ್ನ ಮೇಲೇ ತಾನೇ? ಇಡೀ ಬೀದೀಲಿ ಒಬ್ಬರಾದ್ರೂ, 'ಮಾಸ್ಟ್ರೇ, ನನ್ನ ತಲೆ ಎಲ್ಲಿ?' ಅಂತ ಕೇಳಿದ್ರಾ? ಇದೆ ಅಂತ ಗೊತ್ತಿದ್ರೆ ತಾನೇ ಕೇಳೋದು!"

ಎಲ್ಲರ ಕೈಗಳೂ ತಾವಾಗಿ ತಲೆಗೆ ಹೋದವು. ಇನ್ಸ್‌ಪೆಕ್ಟರು ಟೋಪಿ ತೆಗೆದು ಒಳಗೆ ನೋಡಿಕೊಂಡರು. ಮೊದಲು ನಕ್ಕವನು ಬೇಕರಿಯಣ್ಣ. ಅವನ ಹೊಟ್ಟೆ ಕುಣಿಯತೊಡಗಿದ ಮೇಲೆ ಯಾರಿಗೂ ಸಿಟ್ಟು ಹಿಡಿದಿಟ್ಟುಕೊಳ್ಳಲಾಗಲಿಲ್ಲ. "ನಡೀರಿ ನಡೀರಿ, ಭಟ್ಟಿ ಹಚ್ಚಬೇಕು," ಎಂದು ಅವನು ಟೇಪು ಸುಡುವ ಪಂತವನ್ನೇ ಮರೆತು ಓಡಿದ. ಬೀದಿಗೆ ಬೀದಿಯೇ ಅವನ ಹಿಂದೆ ಓಡಿತು, ವಾರದ ಅಭ್ಯಾಸದಿಂದ ಯಾರಿಗೂ ಏದುಸಿರು ಬರಲಿಲ್ಲ. "ತಲೆ ಸಿಕ್ಕಿತು ಅಂತ ತಟ್ಟೆಗಟ್ಟಲೆ ತಿನ್ನಬೇಡಿ! ನಡೆಯೋದು ಬಿಡಬೇಡಿ!" ಎಂದು ಡಾಕ್ಟರಮ್ಮ ಕಿಟಕಿಯಿಂದ ಕೂಗಿದ್ದು ಎಷ್ಟು ಜನಕ್ಕೆ ಕೇಳಿಸಿತೋ.

ಮನೆಗೆ ಬಂದ ಮೇಲೆ ಮಾಸ್ಟರಮ್ಮ ಅಂಗಡಿಯ ಬಾಗಿಲು ಓರೆ ಮಾಡಿ, ಗೋಡೆಗೆ ಬೆನ್ನು ಆನಿಸಿ ನೆಟ್ಟಗೆ ನಿಂತರು.

"ಅಳೀರಿ. ಈ ಸಲ ಪೂರ್ತಿ."

"ಬೇಡ ಕಣೇ. ಡಾಕ್ಟ್ರು ಹೇಳಿದ್ರಲ್ಲ."

"ಅಳೀರಿ ಅಂದೆ."

ಮಾಸ್ಟರು ಟೇಪಿನ ತುದಿಯನ್ನು ಆಕೆಯ ನೆತ್ತಿಯ ಮೇಲಿಟ್ಟರು. ಊರಿನ ಹೆಗಲು, ಎದೆ, ತೋಳುಗಳನ್ನೆಲ್ಲ ಕಣ್ಣುಮುಚ್ಚಿ ಬಲ್ಲ ಬೆರಳುಗಳಿಗೆ ಈ ಜಾಗ ಹೊಸದು. ಬೈತಲೆಯ ಪಕ್ಕದಲ್ಲಿ ಇಷ್ಟೊಂದು ಬೆಳ್ಳಿಗೂದಲು ಯಾವಾಗ ಬಂದವು? ಅವರು ಟೇಪು ಬಿಡಲು ಮರೆತು ನಿಂತರು.

"ಏನು, ತಲೆ ಸಿಗ್ತಾ ಇಲ್ವಾ?"

"ಸಿಕ್ಕಿದೆ, ಸಿಕ್ಕಿದೆ." ಎತ್ತರವಾಯಿತು. ಸೊಂಟವಾಯಿತು. ಮಾಸ್ಟರು ಟೇಪನ್ನು ಬೆಳಕಿಗೆ ಹಿಡಿದು ಜೋರಾಗಿ ಹೇಳಿದರು: "ನೋಡು! ಸರಿಯಾಗಿದೆ! ಅರ್ಧಕ್ಕಿಂತ ಕಡಿಮೆನೇ ಇದೆ!"

"ಹೆಬ್ಬೆರಳು ತೆಗೀರಿ."

"ಯಾವ ಹೆಬ್ಬೆರಳು?"

"ಟೇಪಿನ ಮೇಲಿರೋದು. ದಪ್ಪಗಿರೋ ಗಿರಾಕಿಗಳಿಗೆ ಬೇಜಾರಾಗಬಾರದು ಅಂತ ಮುಚ್ಚಿ ಹಿಡೀತೀರಲ್ಲ, ಅದೇ."

ಮಾಸ್ಟರು ಮೆಲ್ಲಗೆ ಹೆಬ್ಬೆರಳು ಸರಿಸಿದರು. ತಲೆ ಸೇರಿಸಿದರೂ ಒಂಚೂರು ಹೆಚ್ಚಿತ್ತು. ಇಬ್ಬರೂ ಆ ಒಂಚೂರನ್ನು ನೋಡಿದರು. ಮಾಸ್ಟರು ಮತ್ತೆ ಅಳಲು ಸಿದ್ಧರಾದರು.

"ಅಳಬೇಡಿ. ಇಷ್ಟನ್ನ ನಡೆದು ಇಳಿಸಬಹುದು," ಎಂದು ಮಾಸ್ಟರಮ್ಮ ಟೇಪು ಕಿತ್ತುಕೊಂಡರು. "ಊರನ್ನೆಲ್ಲ ಅಳೆದ್ರಲ್ಲ, ನಿಮ್ಮನ್ನ ಯಾರಾದ್ರೂ ಅಳೆದ್ರಾ?"

ನಿಜಕ್ಕೂ ಆ ಯೋಚನೆಯೇ ಮಾಸ್ಟರಿಗೆ ಬಂದಿರಲಿಲ್ಲ. ಈ ವಾರವೆಲ್ಲ ಅವರ ಮನಸ್ಸಿನಲ್ಲಿ ಸಾಯುವ ಸರದಿಯಲ್ಲಿದ್ದದ್ದು ಒಬ್ಬಳೇ, ಅವಳನ್ನು ಉಳಿಸಿಕೊಳ್ಳಬೇಕಾದ ಮನುಷ್ಯನೂ ಉಳಿಯಬೇಕೆಂಬುದು ಹೊಳೆದೇ ಇರಲಿಲ್ಲ. ಮಾಸ್ಟರಮ್ಮ ಸ್ಟೂಲು ಹತ್ತಿ ನೆತ್ತಿಯಿಂದ ಟೇಪು ಇಳಿಬಿಟ್ಟರು. ಇಳಿದು ಬಂದು ಸೊಂಟ ಸುತ್ತಿದರು.

"ಉಸಿರು ಬಿಡಿ."

"ಬಿಟ್ಟೇ ಇದ್ದೀನಿ."

"ಪೂರ್ತಿ ಬಿಡಿ."

ಮಾಸ್ಟರು ಬಿಟ್ಟರು. ಅಂಗಿಯ ಕೆಳಗಿನ ಗುಂಡಿ ಆಕೆಯೇ ಗಟ್ಟಿಯಾಗಿ ಹಚ್ಚಿದ್ದಾದ್ದರಿಂದ ತಡೆದುಕೊಂಡಿತು. ಮಾಸ್ಟರಮ್ಮ ಟೇಪು ನೋಡಿದರು, ಗಂಡನನ್ನು ನೋಡಿದರು, ಟೇಪು ಸುತ್ತಿಟ್ಟು ಚಪ್ಪಲಿ ಹುಡುಕಲು ಹೋದರು.

ಮರುದಿನ ಬೆಳಿಗ್ಗೆ ಭಟ್ಟಿಯ ಹೊಗೆ ಬೀದಿಯ ಮೇಲೆ ಹಾಯಾಗಿ ಏಳುತ್ತಿದ್ದಾಗ ಮಾಸ್ಟರೂ ಮಾಸ್ಟರಮ್ಮನೂ ಬೇಕರಿಯ ಮುಂದೆ ಹಾದುಹೋದರು. ಅವರು ಕೈ ಬೀಸಿ ಬೀಸಿ, ಆಕೆ ಸೆರಗು ಸಿಕ್ಕಿಸಿಕೊಂಡು.

"ಏನಯ್ಯಾ ಮಾಸ್ಟ್ರೇ!" ಎಂದು ಬೇಕರಿಯಣ್ಣ ಒಳಗಿನಿಂದ ಕೂಗಿದ. "ತಲೆ ಸೇರಿಸಿದ ಮೇಲೂ ವಾಕಿಂಗಾ?"

ಮಾಸ್ಟರು ಏದುಸಿರು ಬಿಡುತ್ತ ಕೈ ಮಾತ್ರ ಎತ್ತಿದರು. ಮಾಸ್ಟರಮ್ಮ ಗಂಡನ ತೋಳಿಗೆ ತೋಳು ಹಾಕಿ, ನಿಲ್ಲದೆ ಹೇಳಿದರು: "ಏನ್ ಮಾಡೋದಣ್ಣಾ, ಇವರಿಗೆ ಒಂದು ತಲೆ ಸೇರಿಸಿದ್ರೂ ಸಾಲಲಿಲ್ಲ. ಅದಕ್ಕೇ ನನ್ನದೂ ಜೊತೆಗೆ ತಂದಿದ್ದೀನಿ."